ನೂರಿಪ್ಪತ್ತು ಹೆಜ್ಜೆ

ಮೌತ್‌ಪೀಸು ಪ್ಯಾಂಟಿನ ಬಲಜೇಬಿನಲ್ಲೇ ಇದೆಯೆಂದು ಗೊತ್ತಿದ್ದೂ ಅವನು ಮೂರನೆಯ ಸಲ ಅದನ್ನು ಮುಟ್ಟಿ ನೋಡಿಕೊಂಡ. ಇತ್ತು. ಬಸ್ಸಿಳಿದಾಗಲೂ ಇತ್ತು, ವಾದ್ಯದಂಗಡಿಯ ಮೆಟ್ಟಿಲು ಹತ್ತುವಾಗಲೂ ಇತ್ತು, ಈಗ ಒಳಕೋಣೆಯಲ್ಲಿ ಎರಡು ಹೊಸ ಟ್ಯೂಬಾಗಳ ಮುಂದೆ ನಿಂತಿರುವಾಗಲೂ ಇತ್ತು, ಎಲ್ಲಿಗೆ ಹೋದೀತು? ಕಾರ್ಖಾನೆಯ ಬ್ಯಾಂಡಿನಲ್ಲಿ ಇಪ್ಪತ್ತಾರು ವರ್ಷದಿಂದ ಟ್ಯೂಬಾ ಊದುತ್ತಿದ್ದವನಿಗೆ ಸ್ವಂತದ್ದೆಂದು ಇದ್ದದ್ದು ವಾದ್ಯಕ್ಕೆ ಸಿಕ್ಕಿಸಿ ತುಟಿಯಿಟ್ಟು ಊದುವ ಆ ಗಿಡ್ಡ ಹಿತ್ತಾಳೆಯ ಬಟ್ಟಲೊಂದೇ. ವಾದ್ಯ ಕಾರ್ಖಾನೆಯದು, ಸಮವಸ್ತ್ರ ಕಾರ್ಖಾನೆಯದು, ಕಾಲಿನ ಬೂಟು ಕೂಡ ಕಾರ್ಖಾನೆಯದು. ನಿನ್ನೆ ಬ್ಯಾಂಡ್ ಮಾಸ್ತರರು ಕರೆದು, "ಒಂದೇ ಒಂದು ತರಿಸೋದು. ಮೈದಾನಕ್ಕೂ ಅದೇ, ವೇದಿಕೆಗೂ ಅದೇ. ನೀವೇ ಹೋಗಿ ಆರಿಸಿ. ನೀವು ಆರಿಸಿದ ಮೇಲೆ ನಾನು ಎರಡು ಮಾತಾಡಲ್ಲ" ಎಂದಿದ್ದರು. ಎರಡು ಮಾತಾಡಿದ್ದರೇ ಚೆನ್ನಾಗಿತ್ತು. ಹೊರಡುವಾಗ ಮಾಸ್ತರರು ಮತ್ತೊಂದು ಮಾತು ಸೇರಿಸಿದ್ದರು: "ಪ್ಯಾಕಿಂಗ್‌ನವಳನ್ನೂ ಕರ್ಕೊಂಡು ಹೋಗಿ. ದೂರ ನಿಂತು ಕೇಳೋಕೆ ಒಂದು ಕಿವಿ ಬೇಕಲ್ಲ."

ಅದೂ ಸರಿಯೇ. ಟ್ಯೂಬಾ ಊದುವವನು ತನ್ನ ಟ್ಯೂಬಾವನ್ನು ತಾನು ಆರಿಸಲಾರ. ವಾದ್ಯ ಎಡಹೆಗಲ ಮೇಲೆ ಮಲಗಿ ತನ್ನ ಅಗಲವಾದ ಬಾಯಿಯನ್ನು ಮುಂದಕ್ಕೆ ತೆರೆಯುತ್ತದೆ. ನಾದವೆಲ್ಲ ಎದುರಿಗಿದ್ದವರಿಗೆ, ಹೊತ್ತವನಿಗೆ ಬರೀ ಕಿವಿಯ ಪಕ್ಕದ ಗುಂಯ್‌ಗುಡುವಿಕೆ. ಒಳ್ಳೆಯದೋ ಕೆಟ್ಟದ್ದೋ ಎಂದು ದೂರ ನಿಂತವರು ಹೇಳಬೇಕು, ಅದೂ ಬೆನ್ನು ತಿರುಗಿಸಿ ನಿಂತು, ಯಾವ ವಾದ್ಯವೆಂದು ನೋಡದೆ. ಬ್ಯಾಂಡಿನಲ್ಲಿ ಇದು ಮೊದಲಿನಿಂದ ನಡೆದು ಬಂದ ಪದ್ಧತಿ. ಪ್ಯಾಕಿಂಗ್ ವಿಭಾಗದ ಆ ಹೆಂಗಸು, ಮೂವತ್ತರ ಆಸುಪಾಸಿನವಳು, ಟ್ಯೂಬಾದ ತಮ್ಮನಂತಿರುವ ಯುಫೋನಿಯಂ ಊದುತ್ತಿದ್ದಳು. ದಿನವಿಡೀ ರಟ್ಟಿನ ಪೆಟ್ಟಿಗೆ ಎತ್ತಿ ಎತ್ತಿ ಹೆಗಲು ಗಟ್ಟಿಮುಟ್ಟಾಗಿತ್ತು. ಕವಾಯತಿನಲ್ಲಿ ಅವಳು ನಡೆಯುವುದು ಅವನ ಹಿಂದಿನ ಸಾಲಿನಲ್ಲಿ, ಸರಿಯಾಗಿ ಅವನ ಬೆನ್ನಿಗೆ. ಅಂದರೆ ಎಂಟು ತಿಂಗಳ ಹಿಂದೆ ಅವನು ಬಿದ್ದ ಆ ದಿನವೂ ಅವಳು ಅವನ ಬೆನ್ನ ಹಿಂದೆಯೇ ಇದ್ದಳು.

"ಎಡಗಡೆದು ಚಿಕ್ಕದು, ಸಾರ್. ಮೂರು ವಾಲ್ವು, ಎಂಟೂವರೆ ಕೆಜಿ. ಬಲಗಡೆದು ನಾಲ್ಕು ವಾಲ್ವು, ಹದಿನಾಲ್ಕಕ್ಕೆ ಒಂದು ಚೂರು ಕಮ್ಮಿ," ಎಂದು ಅಂಗಡಿಯವನು ಎರಡರ ಮೈಯನ್ನೂ ಬಟ್ಟೆಯಿಂದ ಒರೆಸುತ್ತ ಹೇಳಿದ. "ಎರಡೂ ಎರಡು ವೇಷದವು. ಈ ಬಾಗಿದ ಕೊಳವೆ ಸಿಕ್ಕಿಸಿದ್ರೆ ಹೆಗಲ ಮೇಲೆ, ಮೈದಾನಕ್ಕೆ. ಅದನ್ನ ತೆಗೆದು ಈ ಕೊಳವೆ ಸಿಕ್ಕಿಸಿದ್ರೆ ತೊಡೆ ಮೇಲೆ, ವೇದಿಕೆಗೆ. ಕೂತ್ಕೊಳ್ಳಿ, ಊದಿ ನೋಡಿ."

ಅವನು ಕುರ್ಚಿಯ ತುದಿಯಲ್ಲಿ ಕೂತು ಮೊದಲು ಚಿಕ್ಕದನ್ನು ತೊಡೆಯ ಮೇಲಿಟ್ಟುಕೊಂಡ. ಹಗುರವಾಗಿತ್ತು, ನಾಚಿಕೆಯಾಗುವಷ್ಟು ಹಗುರ. ಊದಿದ. ಮೇಲಿನ ಸ್ವರಗಳು ಮುದ್ದಾಗಿ ಬಂದವು. ಕೆಳಕ್ಕೆ ಇಳಿಯುತ್ತ ಹೋದ ಹಾಗೆ ನಾದ ತೆಳುವಾಗಿ, ಕಟ್ಟಕಡೆಯ ಸ್ವರ ಇರಬೇಕಾದ ಜಾಗಕ್ಕಿಂತ ಕೂದಲೆಳೆ ಮೇಲೆ ನಿಂತುಬಿಟ್ಟಿತು. ಮೂರೇ ವಾಲ್ವಿನ ವಾದ್ಯಕ್ಕೆ ಅದು ಹುಟ್ಟುಗುಣ. ಇಪ್ಪತ್ತಾರು ವರ್ಷ ಅವನು ಇಂಥದೇ ವಾದ್ಯದಲ್ಲಿ ತುಟಿ ಸಡಿಲಿಸಿ ಆ ಸ್ವರವನ್ನು ಕೆಳಕ್ಕೆ ಎಳೆಯುತ್ತ ಕಾಲ ತಳ್ಳಿದ್ದ, ಕೆಲವು ದಿನ ಬರುತ್ತಿತ್ತು, ಕೆಲವು ದಿನ ಮಾಸ್ತರರು ಒಮ್ಮೆ ಕಣ್ಣೆತ್ತಿ ನೋಡಿ ಸುಮ್ಮನಾಗುತ್ತಿದ್ದರು. ಆಮೇಲೆ ದೊಡ್ಡದನ್ನು ಅಂಗಡಿಯವನೇ ಎತ್ತಿ ತೊಡೆಯ ಮೇಲಿಟ್ಟ. ನಾಲ್ಕನೆಯ ವಾಲ್ವನ್ನು ಒತ್ತಿ ಊದಿದರೆ ಅದೇ ಸ್ವರ ತನ್ನ ಮನೆಗೆ ತಾನೇ ನಡೆದು ಹೋದಂತೆ ಹೋಗಿ ಕೂತಿತು. ಗೋಡೆಯ ಗಾಜಿನ ಕಪಾಟು ಝುಮ್ಮೆಂದಿತು. ಬಾಗಿಲಿಗೆ ಒರಗಿ ನಿಂತಿದ್ದ ಪ್ಯಾಕಿಂಗ್‌ನವಳು "ಅಬ್ಬಾ" ಎಂದಳು, ಎಂದವಳೇ ಅನ್ನಬಾರದಿತ್ತೇನೋ ಎಂಬಂತೆ ಬಾಯಿ ಮುಚ್ಚಿಕೊಂಡಳು. ಅವನಿಗೆ ಸಿಟ್ಟು ಬಂತು. ವೇದಿಕೆಗೆ ಯಾವುದು ಎಂದು ಯಾವ ಕಿವುಡನಿಗೂ ಗೊತ್ತಾಗುವ ಹಾಗಿತ್ತು. "ವೇದಿಕೆ ವರ್ಷಕ್ಕೆ ನಾಲ್ಕು ಸಲ. ಮೈದಾನ ವಾರ ವಾರ. ಮೈದಾನದಲ್ಲಿ ಹೇಗೋ ನೋಡ್ಬೇಕು," ಎಂದ, ಯಾರೂ ಕೇಳದಿದ್ದರೂ.

ಹೇಗೋ ನೋಡಬೇಕಾದದ್ದು ಏನೂ ಉಳಿದಿರಲಿಲ್ಲ. ಚಿಕ್ಕದು ಬಂದರೆ ನಿವೃತ್ತಿಯವರೆಗಿನ ನಾಲ್ಕು ವರ್ಷ ಅವನು ಮೊದಲ ಸಾಲಿನಲ್ಲಿ ನಡೆಯುತ್ತಾನೆ. ದೊಡ್ಡದು ಬಂದರೆ ಅದನ್ನು ಹೊರುವ ಹೆಗಲು ಅವನದಲ್ಲ, ಬಾಗಿಲಿಗೆ ಒರಗಿದವಳದು. ಅವನಿಗೆ ವರ್ಷಕ್ಕೆ ನಾಲ್ಕು ಸಂಜೆ ವೇದಿಕೆಯ ಕುರ್ಚಿ, ಉಳಿದ ದಿನ ಸಾಲಿನ ಹೊರಗೆ ನಿಂತು ಇತರರ ಚೀಲ ಕಾಯುವ ಕೆಲಸ. ಈ ವಿಷಯ ಈ ಕೋಣೆಯಲ್ಲಿ ಅವನೊಬ್ಬನಿಗೆ ಗೊತ್ತು. ಮನೆಯಲ್ಲಿ ಹೆಂಡತಿಗೆ ಗೊತ್ತು. ಎಂಟು ತಿಂಗಳಿಂದ ಅವಳು ದಿನಾ ಅವನ ಎಡಹೆಗಲಿಗೆ ಮುಲಾಮು ತಿಕ್ಕುತ್ತ, "ಈ ಹೆಗಲಿಗೆ ಮಾಡಿದ ಸೇವೇಲಿ ಅರ್ಧ ನಿಮ್ಮಮ್ಮಂಗೆ ಮಾಡಿದ್ರೆ ನನಗೆ ಒಳ್ಳೆ ಸೊಸೆ ಅಂತಲಾದ್ರೂ ಹೆಸರು ಬರ್ತಿತ್ತು" ಎಂದು ನಗುತ್ತಿದ್ದಳು, ಆಮೇಲೆ ನಗು ನಿಲ್ಲಿಸಿ, "ಹೇಳಿಬಿಡ್ರೀ. ಆಗಲ್ಲ ಅಂತ ಹೇಳಿದ್ರೆ ಯಾರು ನಿಮ್ಮನ್ನ ತಿಂದುಹಾಕ್ತಾರೆ?" ಎನ್ನುತ್ತಿದ್ದಳು. ಅವನು ಗೋಡೆಯ ಕಡೆ ಮುಖ ಮಾಡಿ, "ಮುಲಾಮು ಜಾಸ್ತಿ ಆಯ್ತು, ಅಂಗಿಗೆ ಅಂಟುತ್ತೆ" ಎನ್ನುತ್ತಿದ್ದ. ಯಾರೂ ತಿನ್ನುವುದಿಲ್ಲ. ಅದೇ ಕಷ್ಟ. ಎಲ್ಲರೂ ಪಾಪ ಎನ್ನುತ್ತಾರೆ, ಕುರ್ಚಿ ತಂದು ಹಾಕುತ್ತಾರೆ. ಬ್ಯಾಂಡಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಗುಡುಗಣ್ಣ ಎನ್ನುತ್ತಿದ್ದರು. ಕುರ್ಚಿಯಲ್ಲಿ ಕೂತು ಚೀಲ ಕಾಯುವವನನ್ನು ಎಷ್ಟು ದಿನ ಗುಡುಗಣ್ಣ ಎಂದಾರು?

ಅಂಗಡಿಯ ಹಿಂದೆ ಲಾರಿಗಳು ತಿರುಗುವ ಉದ್ದನೆಯ ಬಯಲಿತ್ತು, ಆಚೆ ತುದಿಯಲ್ಲಿ ಗೋದಾಮಿನ ಗೋಡೆ. ಈ ಹೊತ್ತಿನಲ್ಲಿ ಖಾಲಿ. ಅಂಗಡಿಯವನು ಎರಡೂ ವಾದ್ಯಗಳಿಗೆ ಮೈದಾನದ ಕೊಳವೆ ಸಿಕ್ಕಿಸಿ, ಕಂಬಳಿ ಹಾಸಿದ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬಂದು ನಿಲ್ಲಿಸಿದ. ಅಂಗಡಿಯವನು ಅಲ್ಲೇ ನಿಂತು ನೋಡುವ ಉತ್ಸಾಹದಲ್ಲಿದ್ದ. "ನೀವು ಒಳಗೆ ಹೋಗಿ. ಯಾರಾದ್ರೂ ನೋಡ್ತಾ ನಿಂತ್ರೆ ನನಗೆ ಉಸಿರು ಬರಲ್ಲ," ಎಂದು ಇವನು ಅವನನ್ನು ಸಾಗಹಾಕಿದ. ಹೀಗೆ ಸಾಗಹಾಕುವಾಗ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ಅದು ಪೂರ್ತಿ ನಿಜವೆನಿಸಲಿಲ್ಲ. ಪ್ಯಾಕಿಂಗ್‌ನವಳು ಕವಾಯತಿನ ನಡಿಗೆಯಲ್ಲೇ ಗೋಡೆಯ ಕಡೆ ಹೋದಳು. ಅವಳ ಹೆಜ್ಜೆಗಳನ್ನು ಅವನು ಎಣಿಸಿದ, ಎಂಟು, ಎಂಟು, ಎಂಟು. ಎಣಿಸುವುದು ಬೇಡವೆಂದರೂ ನಿಲ್ಲದು, ಮನೆಯಲ್ಲಿ ಬಚ್ಚಲಿಗೆ ಹೋಗುವಾಗಲೂ ಎಣಿಸುತ್ತಿದ್ದ. ನೂರಿಪ್ಪತ್ತಕ್ಕೆ ಅವಳು ಬೆನ್ನು ಇತ್ತ ಮಾಡಿಯೇ ನಿಂತಳು. ಮೊದಲನೆಯದು ಚೆನ್ನಾಗಿದ್ದರೆ ಒಂದು ಬೆರಳು, ಎರಡನೆಯದಾದರೆ ಎರಡು. ಯಾವುದು ಮೊದಲೆಂದು ಊದುವವನಿಗಷ್ಟೇ ಗೊತ್ತಿರಬೇಕು.

ಚಿಕ್ಕದನ್ನು ಹೆಗಲಿಗೇರಿಸಿ ಕವಾಯತಿನ ರಾಗದ ಮೊದಲ ಹದಿನಾರು ಪಟ್ಟು, ಅಂದರೆ ಹದಿನಾರು ತಾಳದ ಸುತ್ತು, ಊದಿದ. ಹೆಗಲು ಸುಮ್ಮನಿತ್ತು. ಅದನ್ನು ಗಾಡಿಯಲ್ಲಿಟ್ಟು ದೊಡ್ಡದರ ಕೆಳಗೆ ಕೈ ತೂರಿಸಿ ಮೊಣಕಾಲೆತ್ತರ ಎತ್ತಿದ್ದೇ ತಡ, ಎಡಹೆಗಲಿನ ಮೂಳೆಯ ಕೆಳಗೆ ಆ ಹಳೆಯ ನೋವು ಕಾದ ಸೂಜಿಯಂತೆ ಹೊಕ್ಕಿತು. ಆ ದಿನವೂ ಹೀಗೇ ಹೊಕ್ಕಿತ್ತು, ವಾರ್ಷಿಕೋತ್ಸವದ ಕವಾಯತಿನ ಎರಡನೆಯ ಸುತ್ತಿನಲ್ಲಿ, ಅಧಿಕಾರಿಗಳು ಕೂತ ಚಪ್ಪರ ಇನ್ನೂ ಮೂವತ್ತೆರಡು ಹೆಜ್ಜೆ ಇರುವಾಗ. ಹೆಗಲು ಕೈಕೊಟ್ಟಿತು, ಕಾಲು ತಡವರಿಸಿತು, ಇಡೀ ಕಾರ್ಖಾನೆಯ ಕಣ್ಣೆದುರು ಅವನು ಟ್ಯೂಬಾದ ಮೇಲೆಯೇ ಮಗುಚಿ ಬಿದ್ದ. ವಾದ್ಯದ ಬಾಯಿ ತಗಡಿನ ಡಬ್ಬಿಯ ಹಾಗೆ ಜಜ್ಜಿಹೋಯಿತು. ಯಾರೋ ನಕ್ಕರು. ನಕ್ಕವರ ತಪ್ಪಲ್ಲ, ನೋಡಿದರೆ ತನಗೂ ನಗು ಬರುತ್ತಿತ್ತು. ಎದ್ದು ನಿಂತ ತಕ್ಷಣ ಬಾಯಿಗೆ ಬಂದದ್ದು, "ಪಟ್ಟಿ ಹರೀತು." ಟ್ಯೂಬಾವನ್ನು ಮೈಗೆ ಬಿಗಿಯುವ ಚರ್ಮದ ಪಟ್ಟಿ. ಪಟ್ಟಿ ನೆಟ್ಟಗಿತ್ತು. ಆ ಮಧ್ಯಾಹ್ನ ಬ್ಯಾಂಡಿನ ಕೋಣೆಯಲ್ಲಿ ಒಬ್ಬನೇ ಕೂತು, ಉಗುರು ಕತ್ತರಿಸುವ ಸಾಧನದಿಂದ ಅದರ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಹನ್ನೊಂದು ಹೊಲಿಗೆ. ಬಿಚ್ಚುವುದಕ್ಕೆ ಎಷ್ಟು ಕಷ್ಟವಾಯಿತೆಂದರೆ, ಹೊಲಿದವನ ಮೇಲೆ ಗೌರವ ಹುಟ್ಟುವಷ್ಟು. ಹೊಲಿದವನು ಬ್ಯಾಂಡಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದುಕ. ಅವನಿಗೆ ಮೆಮೊ ಬಂತು, ಉಗ್ರಾಣದಿಂದ ತೆಗೆದು ಗೇಟಿನಲ್ಲಿ ಕೂರಿಸಿದರು. ಮೊದಮೊದಲು ದಿನಾ ಬೆಳಿಗ್ಗೆ ಗೇಟಿನಲ್ಲಿ ಎದ್ದು ನಿಂತು, "ಹೆಗಲು ಹೇಗಿದೆ ಗುಡುಗಣ್ಣ? ನನ್ನ ಕೈ ಅವತ್ತು ಎಲ್ಲಿ ತಪ್ಪಿತೋ ಗೊತ್ತಾಗ್ಲಿಲ್ಲಪ್ಪ, ಬೇಜಾರು ಮಾಡ್ಕೋಬೇಡ" ಎನ್ನುತ್ತಿದ್ದ. ಬೈದರೆ ಬದುಕಿಕೊಳ್ಳಬಹುದಿತ್ತು. ಅವನ ಕಣ್ಣು ತಪ್ಪಿಸಲು ಗುಡುಗಣ್ಣ ಈಗ ಹಿಂದಿನ ಗೇಟಿನಿಂದ ಒಳಗೆ ಹೋಗುತ್ತಾನೆ, ಇನ್ನೂರ ನಲವತ್ತು ಹೆಜ್ಜೆ ಜಾಸ್ತಿ.

ದೊಡ್ಡದನ್ನು ಕಂಬಳಿಯ ಮೇಲೆ ಮೆಲ್ಲಗೆ ಬಿಟ್ಟ. ಅವಳ ಬೆನ್ನು ಹಾಗೇ ಇತ್ತು. ಬಯಲಿನಲ್ಲಿ ಯಾರೂ ಇರಲಿಲ್ಲ. ಅವನು ಮತ್ತೆ ಚಿಕ್ಕದನ್ನೇ ಎತ್ತಿಕೊಂಡ. ಎತ್ತಿಕೊಳ್ಳುವ ಮೊದಲು ಗಾಡಿಯನ್ನು ಒಮ್ಮೆ ಅಲ್ಲಾಡಿಸಿ, ದೊಡ್ಡ ವಾದ್ಯ ಎತ್ತಿದ ಹಾಗೆ ಸದ್ದು ಬೇರೆ ಮಾಡಿದ. ನೂರಿಪ್ಪತ್ತು ಹೆಜ್ಜೆ ಆಚೆಗೆ ಅದು ಕೇಳುವುದೇ ಇಲ್ಲ, ಆದರೂ ಮಾಡಿದ, ಕಳ್ಳತನದಲ್ಲೂ ಅಚ್ಚುಕಟ್ಟು ಬಿಡದವನ ಹಾಗೆ. ಅದೇ ಹದಿನಾರು ಪಟ್ಟು. ಈ ಸಲ ಹೊಟ್ಟೆಯ ತಳದಿಂದ ಉಸಿರು ತಂದು, ದೊಡ್ಡದೆಂದು ನಂಬಿಸುವ ಹಟದಿಂದ ಊದಿದ. ಊದಿ ಮುಗಿಸಿದಾಗ ಅವಳು ತುಸು ಹೊತ್ತು ಹಾಗೇ ನಿಂತಿದ್ದಳು. ಆ ತುಸು ಹೊತ್ತಿನಲ್ಲಿ ಅವನಿಗೆ ಅವಳ ಕಿವಿ ನೆನಪಾಯಿತು. ಬ್ಯಾಂಡಿನಲ್ಲಿ ಯಾರ ಸ್ವರ ಎಲ್ಲಿ ಜಾರಿದರೂ ಮೊದಲು ತಿರುಗುವುದು ಅವಳ ತಲೆ. ಆಮೇಲೆ ಅವಳು ಕೈಯೆತ್ತಿದಳು. ಎರಡು ಬೆರಳು.

"ಎರಡನೇದು ಯಾವ್ದಣ್ಣ?" ಹತ್ತಿರ ಬಂದು ಕೇಳಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು, ಮುಖದಲ್ಲಿ ಏನಿದೆಯೆಂದು ತಿಳಿಯಲಿಲ್ಲ.

"ಚಿಕ್ಕದು," ಎಂದ. ಅದು ಸುಳ್ಳಲ್ಲವಲ್ಲ ಎಂದು ಒಳಗೆ ಯಾವುದೋ ಪುಕ್ಕಲು ವಕೀಲ ವಾದ ಮಾಡಿದ.

"ಹೌದಾ," ಎಂದಳು. ದೊಡ್ಡದರ ಮೈಮೇಲೆ ಒಮ್ಮೆ ಕೈಯಾಡಿಸಿದಳು, ಮಾರಿಹೋಗುವ ಹಸುವಿನ ಬೆನ್ನು ಸವರಿದ ಹಾಗೆ. ಅಲ್ಲಿಗೆ ಮುಗಿಯಿತು, ಕೆಲಸ ಆಯಿತು, ನಾಲ್ಕು ವರ್ಷ ಸಿಕ್ಕಿತು ಎಂದು ಅವನು ನಿರಾಳವಾಗಬೇಕು. ಆಗಲಿಲ್ಲ. ಇಷ್ಟು ಸುಲಭವಾಗಿ ಮೋಸ ಹೋದಳಲ್ಲ ಎಂದು ಅವಳ ಮೇಲೆ ತಾತ್ಸಾರ ಬಂತು, ಮರುಕ್ಷಣ ಮೋಸ ಹೋಗಿಲ್ಲವೇನೋ ಎಂದು ಬೆವರು ಬಂತು. ಆ ದಿನ ಬಿದ್ದಾಗ ಮೊದಲು ಬಗ್ಗಿ ಅವನನ್ನು ಎತ್ತಿದವಳು ಇವಳೇ. ಕೈ ಹಾಕಿ ಎತ್ತಿದ್ದು ನೆಟ್ಟಗಿದ್ದ ಆ ಪಟ್ಟಿಯನ್ನು ಹಿಡಿದೇ.

"ಅಣ್ಣ, ಪದ್ಧತಿ ಪ್ರಕಾರ ಇಬ್ಬರೂ ಕೇಳ್ಬೇಕಲ್ವಾ? ನಾನು ಊದ್ತೀನಿ, ನೀವು ಹೋಗಿ ನಿಂತ್ಕೊಳ್ಳಿ. ನನ್ನ ಹತ್ರ ಟ್ಯೂಬಾ ಮೌತ್‌ಪೀಸ್ ಇಲ್ಲ, ನಿಮ್ಮದು ಕೊಡ್ತೀರಾ?"

ಇಪ್ಪತ್ತಾರು ವರ್ಷದಲ್ಲಿ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಇಲ್ಲ ಎನ್ನಲು ಕಾರಣ ಹುಡುಕಿದ, ಸಿಗಲಿಲ್ಲ. ಚಿಕ್ಕದರಿಂದ ಬಿಡಿಸಿ, ಕರವಸ್ತ್ರದಿಂದ ಎರಡೆರಡು ಸಲ ಒರೆಸಿ ಕೊಟ್ಟು, ಗೋಡೆಯ ಕಡೆ ನಡೆದ. ಎಂಟು, ಎಂಟು. ಇಷ್ಟು ವರ್ಷದಲ್ಲಿ ಈ ದಿಕ್ಕಿಗೆ ನಡೆದದ್ದೇ ಇಲ್ಲವೆಂಬುದು ಅರ್ಧ ದಾರಿಯಲ್ಲಿ ಹೊಳೆಯಿತು. ಟ್ಯೂಬಾದವನೊಬ್ಬನೇ ಇದ್ದಾಗ ದೂರ ನಿಂತು ಕೇಳುವವರು ಯಾವಾಗಲೂ ಬೇರೆಯವರು. ಗೋಡೆಯ ಹತ್ತಿರ ಅದಕ್ಕೆ ಮುಖ ಮಾಡಿ ನಿಂತ. ಎದುರಿಗೆ ಇಟ್ಟಿಗೆ, ಇಟ್ಟಿಗೆಯ ಸಂದಿಯಲ್ಲಿ ಒಂದು ಇರುವೆ ಸಾಲು. ಮೊದಲನೆಯದು ಬಂತು. ಚಿಕ್ಕದು, ಗೊತ್ತಾಗದೆ ಏನು. ಅಂದವಾಗಿತ್ತು, ಯಾರೋ ಪಕ್ಕದ ಬೀದಿಯಲ್ಲಿ ಊದುತ್ತಿದ್ದಂತೆ ಬಂದು ಗಾಳಿಯಲ್ಲಿ ಚೆದುರಿತು. ಆಮೇಲೆ ನಿಶ್ಶಬ್ದ. ಅವಳು ದೊಡ್ಡದನ್ನು ಹೆಗಲಿಗೇರಿಸುತ್ತಿರಬೇಕು. ಅವಳಾದರೂ ಕಷ್ಟಪಡಲಿ ಎಂದು ಮನಸ್ಸು ಬಯಸಿತು, ಬಯಸಿದ್ದಕ್ಕೆ ತಲೆ ತಗ್ಗಿಸಿದ.

ಎರಡನೆಯದು ಕಿವಿಗಿಂತ ಮೊದಲು ಬೂಟಿನ ಅಟ್ಟೆಗೆ ಬಂತು. ನೆಲದಿಂದ ಏರಿ, ಬೆನ್ನಿಗೆ ಬಡಿದು, ಎದುರಿನ ಗೋಡೆಗೆ ತಾಗಿ ಮರಳಿ ಎದೆಗೆ ಬಂತು. ಅದೇ ಹದಿನಾರು ಪಟ್ಟು. ಅವನು ಸಾವಿರಾರು ಸಲ ಊದಿದ್ದ ಪಟ್ಟು. ಅದರೊಳಗೆ ಇಷ್ಟಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಕವಾಯತು ನೋಡಲು ಬಂದ ಮುದುಕರು ಯಾಕೆ ಆ ಜಾಗಕ್ಕೆ ಬಂದಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು, ಸೊಂಟದ ಮೇಲಿನ ಮಕ್ಕಳು ಯಾಕೆ ಅಳು ನಿಲ್ಲಿಸಿ ಬಾಯಿ ತೆರೆಯುತ್ತಿದ್ದರು, ಈಗ ತಿಳಿಯಿತು. ಎಲ್ಲರಿಗೂ ಕೇಳಿಸಿದೆ, ಊದುವ ತನ್ನೊಬ್ಬನನ್ನು ಬಿಟ್ಟು. ಅದೂ ಆ ಹಳೆಯ ಮೂರು ವಾಲ್ವಿನದರಲ್ಲಿ ಇದರ ಅರ್ಧವೋ ಕಾಲೋ ಕೇಳಿಸಿರಬೇಕು. ಅವನಿಗೆ ಅಳು ಬಂತು. ಸುಖಕ್ಕೋ ಹೊಟ್ಟೆಕಿಚ್ಚಿಗೋ ಎಂದು ಬೇರ್ಪಡಿಸಿ ನೋಡುವ ಶಕ್ತಿ ಇರಲಿಲ್ಲ. ನಾದ ನಿಂತಿತು. ಈಗ ಬೆರಳು ಎತ್ತಬೇಕು. ಒಂದು ಎತ್ತಿದರೆ ಇಬ್ಬರ ಕಿವಿಯೂ ಚಿಕ್ಕದನ್ನೇ ಒಪ್ಪಿದ ಹಾಗೆ, ಯಾರೂ ಕೇಳುವುದಿಲ್ಲ. ಬಲಗೈ ಎತ್ತಿದ. ಬೆರಳು ಬಿಡಿಸಲಾಗಲಿಲ್ಲ. ಮುಷ್ಟಿ ಮಾಡಿಕೊಂಡೇ ತಿರುಗಿ ನಿಂತ, ಮುಷ್ಟಿ ಮಾಡಿಕೊಂಡೇ ನೂರಿಪ್ಪತ್ತು ಹೆಜ್ಜೆಯೂ ನಡೆದು ಬಂದ. ಎಣಿಸುವುದು ಮರೆತಿತ್ತು.

"ಎರಡನೇದು," ಎಂದ. "ಆಗ ನಾನು... ಎರಡು ಸಲಾನೂ ಚಿಕ್ಕದನ್ನೇ ಊದಿದ್ದೆ ಕಣಮ್ಮ."

"ಗೊತ್ತಣ್ಣ."

"ಗೊತ್ತಿದ್ದೂ ಎರಡು ಬೆರಳು ಎತ್ತಿದೆಯಲ್ಲ?"

"ಎರಡನೇ ಸಲ ಚೆನ್ನಾಗಿ ಊದಿದ್ರಿ," ಎಂದಳು. "ಅಷ್ಟು ಚೆನ್ನಾಗಿ ನೀವು ಊದಿ ತುಂಬಾ ದಿನ ಆಗಿತ್ತು. ನನಗೆ ಕೇಳಿಸಿದ್ದನ್ನ ಹೇಳಿದೆ. ಮಿಕ್ಕಿದ್ದನ್ನ ನಿಮಗೆ ಹೇಗೆ ಹೇಳ್ಲಿ?"

ಅವನು ತಳ್ಳುಗಾಡಿಯ ಅಂಚಿಗೆ ಒರಗಿದ. ಪಟ್ಟಿಯ ವಿಷಯ ಕೇಳುತ್ತಾಳೆಂದು ಕಾದ. ಅವಳು ಕೇಳಲಿಲ್ಲ. ಕೇಳುವುದೂ ಇಲ್ಲ, ಎಂಟು ತಿಂಗಳು ಕೇಳದವಳು. ಮೊಬೈಲು ತೆಗೆದು ಮಾಸ್ತರರಿಗೆ ಫೋನು ಮಾಡಿದ, ಮನಸ್ಸು ಬದಲಾಗುವ ಮೊದಲೇ ಮಾಡಬೇಕೆಂಬ ಗಡಿಬಿಡಿಯಲ್ಲಿ ಎರಡು ಸಲ ತಪ್ಪು ಒತ್ತಿದ.

"ಆಯ್ತಾ? ಯಾವುದು?"

"ದೊಡ್ಡದು, ಸಾರ್."

"ಒಳ್ಳೇದಾಯ್ತು. ಆದ್ರೆ ನಿಮ್ಮ ಕೈಲಿ ಹೊರೋಕೆ ಆಗುತ್ತಾ?"

"ಆಗಲ್ಲ," ಎಂದ. ಇಷ್ಟು ಸಣ್ಣ ಮಾತು. "ನನಗೆ ಚಿಕ್ಕದನ್ನೂ ಇನ್ನೆಷ್ಟು ದಿನವೋ. ಮೈದಾನಕ್ಕೆ ಇವಳು ಹೊರ್ತಾಳೆ. ಇನ್ನೊಂದು ವಿಷ್ಯ ಸಾರ್. ಅವತ್ತು ಪಟ್ಟಿ ಹರಿದಿರ್ಲಿಲ್ಲ. ಹೆಗಲು ಸೋತು ನಾನೇ ಬಿದ್ದೆ. ಹೊಲಿಗೆ ಆಮೇಲೆ ಬಿಚ್ಚಿದ್ದು ನಾನು. ಉಗ್ರಾಣದವರು ಹೊಲಿದಿದ್ದು ಗಟ್ಟಿಯಾಗೇ ಇತ್ತು."

ಆ ಕಡೆ ಬ್ಯಾಂಡಿನ ಕೋಣೆಯ ಫ್ಯಾನಿನ ಕಿರಕಿರ ಕೇಳುತ್ತಿತ್ತು.

"ಇದನ್ನ ನೀವು ಬರೆದು ಕೊಡ್ಬೇಕಾಗುತ್ತೆ," ಎಂದರು ಮಾಸ್ತರರು. ದನಿಯಲ್ಲಿ ಸಿಟ್ಟಿತ್ತೋ ದಣಿವಿತ್ತೋ. "ಅದಕ್ಕಿಂತ ಮೊದಲು ಗೇಟಿನ ಹತ್ರ ಹೋಗಿ ಅವರಿಗೆ ಹೇಳಿ. ನನ್ನ ಬಾಯಿಂದ ಅವರಿಗೆ ಗೊತ್ತಾಗೋದು ಬೇಡ."

"ಮುಂದಿನ ಗೇಟಿಂದಾನೇ ಬರ್ತೀನಿ ಸಾರ್," ಎಂದ. ಅವರಿಗೆ ಅರ್ಥವಾಗಲಿಲ್ಲವೇನೋ, ಫೋನು ಇಟ್ಟರು.

ನಾಳೆ ಯಾರು ಏನನ್ನುತ್ತಾರೆ, ಆ ಮುದುಕ ಎದ್ದು ನಿಲ್ಲುತ್ತಾನೋ ಇಲ್ಲವೋ, ನಿಂತರೆ ಯಾವ ಮುಖ ಹೊತ್ತು ನಿಲ್ಲುವುದು, ಒಂದೂ ಹೊಳೆಯಲಿಲ್ಲ. ಹೆಗಲು ಮಾತ್ರ ಎಂದಿನಂತೆ ಮಿಡಿಯುತ್ತಲೇ ಇತ್ತು. ಪ್ಯಾಕಿಂಗ್‌ನವಳು ಇನ್ನೂ ದೊಡ್ಡದನ್ನು ಕೆಳಗಿಳಿಸಿರಲಿಲ್ಲ. "ನಿಂತು ಊದೋದು ಬೇರೆ, ನಡೀತಾ ಊದೋದು ಬೇರೆ. ಒಂದ್ಸಲ ನಡೆದು ನೋಡ್ಲಾ ಅಣ್ಣ? ನೀವು ಹೆಜ್ಜೆ ಹೇಳಿ," ಎಂದಳು. ಅವನು ಅವಳ ಎಡಗಡೆಗೆ ಹೋಗಿ, ವಾದ್ಯದ ಭಾರ ಕತ್ತಿನ ಹತ್ತಿರ ಬೀಳದ ಹಾಗೆ ಹೆಗಲಿನ ಹೊರಕ್ಕೆ ಎರಡು ಬೆರಳಷ್ಟು ಸರಿಸಿದ. ಅದನ್ನು ಕಲಿಯುವುದಕ್ಕೆ ಅವನಿಗೆ ಆರು ವರ್ಷ ಹಿಡಿದಿತ್ತು. "ಇಲ್ಲಿ. ಇಲ್ಲೇ ಇಟ್ಕೋ. ಇಲ್ಲಾಂದ್ರೆ ನನ್ನ ಹಾಗೇ ಆಗುತ್ತೆ," ಎಂದ. ಆಮೇಲೆ ಗೋಡೆಯ ಕಡೆಗೆ ದೂರ ಹೋಗಿ ಅವಳಿಗೆ ಎದುರಾಗಿ ನಿಂತು, "ಎಡ" ಎಂದು ಕೂಗಿದ.

ಅವಳು ಹೊರಟಳು. ಆ ಅಗಲವಾದ ಬಾಯಿ ನೇರ ಅವನ ಕಡೆಗೆ ತೆರೆದುಕೊಂಡು, ಹದಿನಾರು ಪಟ್ಟನ್ನು ಹೊತ್ತು, ಬಯಲಿನುದ್ದಕ್ಕೂ ಬರತೊಡಗಿತು. ಅವನು ಗಟ್ಟಿಯಾಗಿ ಎಣಿಸುತ್ತಿದ್ದ. ಎಣಿಸುತ್ತಿದ್ದಂತೆ ಕೈ ತನ್ನಷ್ಟಕ್ಕೆ ತಾನೇ ಬಲಜೇಬಿಗೆ ಹೋಗಿ ಮುಟ್ಟಿ ನೋಡಿತು. ಜೇಬು ಖಾಲಿಯಿತ್ತು. ಎಡಜೇಬನ್ನೂ ತಡಕಿದ, ಆಮೇಲೆ ಮೌತ್‌ಪೀಸು ಎಲ್ಲಿದೆಯೆಂದು ಕೇಳಿಸಿತು. ಕೈಯನ್ನು ಹೊರಗೆ ತೆಗೆದು, ಅವಳ ಹೆಜ್ಜೆ ತಪ್ಪದ ಹಾಗೆ, ಮುಂದಿನ ಎಂಟನ್ನು ಎಣಿಸಿದ.